ಮೊದಲು ಹಿಡಿಯಿರಿ, ಆಮೇಲೆ ಕೇಳಿ

ದಕ್ಷಿಣ ಬೆಂಗಳೂರಿನಲ್ಲಿ ಕುಳಿತು ಮುಕ್ತ ತಂತ್ರಾಂಶ ಬರೆಯುವವರಿಗೆ ಬನಶಂಕರಿಯ ಡಿಟಿಪಿ ಅಂಗಡಿಯಿಂದ ಒಂದು ಬಹಿರಂಗ ಪತ್ರ



ಜೆ.ಪಿ. ನಗರದ ಕಚೇರಿಗಳಲ್ಲಿ, ಬಿಟಿಎಂ ಲೇಔಟಿನ ಪಿಜಿ ಕೋಣೆಗಳಲ್ಲಿ, ಜಯನಗರದ ಕಾಫಿ ಅಂಗಡಿಗಳ ಮೂಲೆ ಮೇಜುಗಳಲ್ಲಿ ಕುಳಿತು ಜಗತ್ತಿಗೆಲ್ಲ ಪುಕ್ಕಟೆಯಾಗಿ ತಂತ್ರಾಂಶ ಬರೆದುಕೊಡುವವರು ನೀವು. 2024ರ ಸೆಪ್ಟೆಂಬರಿನಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್ ಸಮಾವೇಶ ಕೇಂದ್ರದಲ್ಲಿ ಇಂಡಿಯಾಫಾಸ್ ಸಮ್ಮೇಳನ ನಡೆಸಿದವರು ನಿಮ್ಮ ಬಳಗದವರೇ. ಅದಾದ ಮರು ತಿಂಗಳು ಜೆ.ಪಿ. ನಗರದ ಝೆರೋಧಾ ಕಂಪನಿ ಮುಕ್ತ ತಂತ್ರಾಂಶಗಳಿಗೆಂದೇ ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿ ಘೋಷಿಸಿತು. ಹಾಗಿರುವಾಗ ಅಮೆರಿಕದ ದೊಡ್ಡ ಕಂಪನಿಗಳಿಗೆ ಅಹವಾಲು ಬರೆದು ಉತ್ತರಕ್ಕೆ ಕಾಯುವ ಬದಲು, ನಮ್ಮದೇ ಬಸ್ಸಿನಲ್ಲಿ ಓಡಾಡುವ ನಿಮಗೇ ಬರೆಯುವುದು ಮೇಲೆನ್ನಿಸಿತು. ವಿಷಯ ಸಣ್ಣದು. ಸ್ಕ್ರೀನ್‌ಶಾಟ್.

ನನ್ನದು ಬನಶಂಕರಿ ಎರಡನೇ ಹಂತದಲ್ಲಿ ಡಿಟಿಪಿ, ಜೆರಾಕ್ಸ್, ಆನ್‌ಲೈನ್ ಅರ್ಜಿಯ ಅಂಗಡಿ. ಮೂರು ಕಂಪ್ಯೂಟರುಗಳಿವೆ. ಎರಡರಲ್ಲಿ ವಿಂಡೋಸ್, ಒಂದರಲ್ಲಿ ಉಬುಂಟು. ಕೆಲಸಕ್ಕೆ ಇಬ್ಬರು ಹುಡುಗಿಯರು. ಒಂದು ಕಡೆ ಸಿಇಟಿ ಅರ್ಜಿ, ಇ-ಖಾತಾ, ಇಸಿ, ಆದಾಯ ಪ್ರಮಾಣಪತ್ರ. ಇನ್ನೊಂದು ಕಡೆ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಕಾರ್ಡು. ನಿಮ್ಮಂಥವರು ಯಾವತ್ತೋ ಒಂದು ದಿನ ದೋಷದ ಸಂದೇಶವನ್ನು ಸಹೋದ್ಯೋಗಿಗೆ ತೋರಿಸಲು ಸ್ಕ್ರೀನ್‌ಶಾಟ್ ಹಿಡಿಯುತ್ತೀರಿ. ನಮ್ಮಲ್ಲಿ ಅದು ಸ್ಟೇಪ್ಲರ್ ಇದ್ದ ಹಾಗೆ, ಅದಕ್ಕೆ ಕೈ ಹಾಕದ ಗಂಟೆಯೇ ಇಲ್ಲ.

ಮೊದಲು ಪ್ರೂಫಿನ ವಿಷಯ ಹೇಳಿಬಿಡುತ್ತೇನೆ, ಇದರ ಕಷ್ಟ ಕನ್ನಡದ ಅಂಗಡಿಗಳವರಿಗೇ ಗೊತ್ತು. ಲಗ್ನಪತ್ರಿಕೆ ಟೈಪಾದ ಮೇಲೆ ಎರಡೂ ಮನೆಯವರು ನೋಡಿ ಒಪ್ಪಬೇಕು. ಹಿಂದೆ ಪ್ರಿಂಟ್ ತೆಗೆದುಕೊಟ್ಟರೆ ಪೆನ್ನಿನಲ್ಲಿ ತಿದ್ದಿ ತರುತ್ತಿದ್ದರು, ಈಗ ಎಲ್ಲ ವಾಟ್ಸ್‌ಆ್ಯಪ್. ಟೈಪಾದ ಫೈಲನ್ನೇ ಕಳಿಸೋಣವೆಂದರೆ ಆಗದು. ಅಚ್ಚಿನ ಕೆಲಸದಲ್ಲಿ ಇವತ್ತಿಗೂ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳು ಓಡುತ್ತಿವೆ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿ ಮಾಡಿದ ಫಾಂಟುಗಳವು. ಆ ಫಾಂಟಿಲ್ಲದ ಫೋನಿನಲ್ಲಿ ಫೈಲು ತೆರೆದರೆ ವಧೂವರರ ಹೆಸರಿರಬೇಕಾದ ಕಡೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಯೂನಿಕೋಡ್ ಬಳಸಬಾರದೇ ಎಂದು ನೀವು ಕೇಳುತ್ತೀರಿ. 2001ರ ಪೇಜ್‌ಮೇಕರ್ 7ಕ್ಕೆ ಯೂನಿಕೋಡ್ ಗೊತ್ತಿಲ್ಲ, ಅದನ್ನು ಬಿಡಲು ಎಷ್ಟೋ ಪ್ರೆಸ್ಸುಗಳು ಇನ್ನೂ ಒಪ್ಪಿಲ್ಲ. ಫೋಟೋಶಾಪ್, ಕೋರಲ್‌ಡ್ರಾಗಳ ಹಳೆಯ ಆವೃತ್ತಿಗಳಲ್ಲಿ ಯೂನಿಕೋಡ್ ಹಾಕಿದರೆ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬಂದು ನಿಲ್ಲುತ್ತವೆ. ಪಿಡಿಎಫ್ ಮಾಡುತ್ತೇವೆ, ಆದರೆ ಕೊನೆಗೆ. ಸೋದರಮಾವನ ಹೆಸರು ಬಿಟ್ಟುಹೋಗಿದೆ, ಮುಹೂರ್ತದ ಲಗ್ನ ಬದಲಾಗಿದೆ, ಅತ್ತೆಯ ಹೆಸರು ದೊಡ್ಡಮ್ಮನ ಹೆಸರಿಗಿಂತ ಮೇಲಿರಬೇಕು ಎಂದು ಮಧ್ಯಾಹ್ನದೊಳಗೆ ಎಷ್ಟು ಸಲ ತಿದ್ದಿಸುತ್ತಾರೋ ಲೆಕ್ಕವಿಲ್ಲ. ಪ್ರತಿ ಸಲವೂ ಪಿಡಿಎಫ್ ಮಾಡುತ್ತ ಕೂತರೆ ಬಾಗಿಲಲ್ಲಿ ನಿಂತವರು ಪಕ್ಕದಂಗಡಿಗೆ ಹೋಗುತ್ತಾರೆ. ಪರದೆಯ ಮೇಲೆ ಕಂಡದ್ದನ್ನು ಹಾಗೇ ಹಿಡಿದು ಕಳಿಸುವುದೊಂದೇ ದಾರಿ. ಯಾವ ಫೋನಿನಲ್ಲೂ ಕನ್ನಡ ಕೆಡದೆ ತಲುಪುವುದು ಚಿತ್ರವಾಗಿ ಹೋದಾಗ.

ಅದೂ ಸರಿಯಾದ ಚಿತ್ರವಾಗಿದ್ದರೆ. ಜೆಪೆಗ್ ಆಗಿ ಉಳಿಸುವ ಉಪಕರಣಗಳಲ್ಲಿ ಅಕ್ಷರದ ಅಂಚು ಕಲಸಿಕೊಳ್ಳುತ್ತದೆ. ಇಂಗ್ಲಿಷಿಗೆ ಅದರಿಂದ ಅಷ್ಟು ನಷ್ಟವಿಲ್ಲ. ಕನ್ನಡದಲ್ಲಿ ಮೊದಲು ಬಲಿಯಾಗುವುದು ಕೆಳಗಿನ ಒತ್ತು. ‘ಲಕ್ಷ್ಮೀ’ಯ ಮಕಾರದೊತ್ತು ಇದೆಯೋ ಇಲ್ಲವೋ ಎಂದು ಎಪ್ಪತ್ತು ವರ್ಷದ ಅಜ್ಜ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಾರೆ. ವಾಟ್ಸ್‌ಆ್ಯಪ್ ತನ್ನ ಪಾಲಿಗೆ ಇನ್ನೊಂದು ಸುತ್ತು ಹಿಂಡುತ್ತದೆ. ಎರಡು ಸಲ ಹಿಂಡಿದ ಪ್ರೂಫಿನಲ್ಲಿ ತಪ್ಪು ಹುಡುಕು ಎಂದರೆ ಯಾರಿಂದಾದೀತು? ಅಕ್ಷರವಿರುವ ಚಿತ್ರವನ್ನು ಪಿಎನ್‌ಜಿಯಲ್ಲೇ ಇಡಿ, ಹುಡುಗಿಯರನ್ನು ಕೇಳಲೇಬೇಡಿ.

ಇನ್ನು ಅರ್ಜಿ ತುಂಬುವ ಕಡೆಗೆ ಬನ್ನಿ. ಹಣ ಕಟ್ಟಿದ ಕೂಡಲೇ ಒಂದು ಪುಟ ಮೂಡಿ, ಕೆಲವು ಸೆಕೆಂಡು ನಿಂತು, ತಾನಾಗಿ ಮುಂದಕ್ಕೆ ಹೋಗುತ್ತದೆ. ಯುಪಿಐನ 12 ಅಂಕೆಯ ಉಲ್ಲೇಖ ಸಂಖ್ಯೆ ಅದರಲ್ಲಿರುತ್ತದೆ. ಮುಂದಿನ ಪುಟ ತೆರೆಯದೆ ಹೋದರೆ ಗಿರಾಕಿಯ ಹಣ ಹೋದದ್ದಕ್ಕೆ ಉಳಿಯುವ ಸಾಕ್ಷಿ ಅದೊಂದೇ. ಆ ಕೆಲವು ಸೆಕೆಂಡಿನಲ್ಲಿ ನಮ್ಮ ಹುಡುಗಿ ಕೀ ಒತ್ತುತ್ತಾಳೆ. ಆಗ ಉಪಕರಣ ಏನು ಮಾಡಬೇಕು? ಒತ್ತಿದ ಆ ಗಳಿಗೆಯಲ್ಲಿ ಪರದೆ ಹೇಗಿತ್ತೋ ಹಾಗೆ ಹಿಡಿದಿಟ್ಟುಕೊಳ್ಳಬೇಕು. ಪೂರ್ತಿ ಬೇಕೋ ಭಾಗ ಬೇಕೋ, ಎಲ್ಲಿ ಉಳಿಸಲಿ, ಹೆಸರೇನು, ಎಲ್ಲವನ್ನೂ ಆಮೇಲೆ ಕೇಳಲಿ. ಕೇಳದೆಯೇ ಇದ್ದರಂತೂ ಸಂತೋಷ.

ಈ ಪತ್ರದಲ್ಲಿ ನಾನು ಕೇಳುವುದರ ತಿರುಳು ಇಷ್ಟೇ. ಆದರೆ ಎಷ್ಟು ಉಪಕರಣಗಳು ಇದನ್ನು ತಿರುಗುಮುರುಗು ಮಾಡುತ್ತವೆ ನೋಡಿ. ಕೀ ಒತ್ತಿದರೆ ಮೊದಲು ತನ್ನ ಕಿಟಕಿ ತೆರೆಯುತ್ತದೆ, ‘ಹೊಸದು’ ಎಂಬ ಗುಂಡಿ ತೋರಿಸುತ್ತದೆ, ಆಕಾರ ಆರಿಸು ಎನ್ನುತ್ತದೆ. ಅಷ್ಟರಲ್ಲಿ ಪುಟ ಹೋಯಿತು. 1981ರ ಐಬಿಎಂ ಪಿಸಿಯ ಕೀಲಿಮಣೆಯಲ್ಲಿ ಪ್ರಿಂಟ್ ಸ್ಕ್ರೀನ್ ಎಂಬ ಕೀ ಬಂದಾಗ ಶಿಫ್ಟ್ ಜೊತೆ ಅದನ್ನೊತ್ತಿದರೆ ಪರದೆಯ ಅಕ್ಷರಗಳು ಸೀದಾ ಪ್ರಿಂಟರಿಗೆ ಹೋಗುತ್ತಿದ್ದವು. ಪ್ರಶ್ನೆಯೇ ಇರಲಿಲ್ಲ. 2007ರ ವಿಂಡೋಸ್ ವಿಸ್ಟಾದ ಸ್ನಿಪ್ಪಿಂಗ್ ಟೂಲ್ ಹೊತ್ತಿಗೆ ಅದೊಂದು ಪ್ರೋಗ್ರಾಮಾಗಿ, ತೆರೆಯುವುದು, ಆರಿಸುವುದು, ಎಳೆಯುವುದು, ಉಳಿಸುವುದು ಎಂದು ನಾಲ್ಕು ಮೆಟ್ಟಿಲಾಯಿತು. 2017ರಲ್ಲಿ ವಿಂಡೋಸ್ 10ಕ್ಕೆ ವಿಂಡೋಸ್, ಶಿಫ್ಟ್, ಎಸ್ ಎಂಬ ಮೂರು ಕೀಗಳ ಜೋಡಣೆ ಬಂದು ಮೆಟ್ಟಿಲು ಕಡಿಮೆಯಾದವು, ಅದಕ್ಕೆ ಕೈ ಮುಗಿಯುತ್ತೇನೆ. ಆದರೆ 2023ರಿಂದ ವಿಂಡೋಸ್ 11ರಲ್ಲಿ ಬರೀ ಪ್ರಿಂಟ್ ಸ್ಕ್ರೀನ್ ಒತ್ತಿದರೂ ಅದೇ ಆಯ್ಕೆಯ ಪರದೆ ಬರುತ್ತದೆ. ಒಂದೇ ಏಟಿಗೆ ಪೂರ್ತಿ ಪರದೆಯನ್ನು ಕ್ಲಿಪ್‌ಬೋರ್ಡಿಗೆ ಹಾಕುತ್ತಿದ್ದ ಕೀಗೆ ಈಗ ಎರಡನೇ ಏಟು ಬೇಕು. ಸೆಟ್ಟಿಂಗ್ಸ್‌ನಲ್ಲಿ ಬದಲಾಯಿಸಬಹುದು, ನಿಜ. ಸೆಟ್ಟಿಂಗ್ಸ್ ತೆರೆಯುವವರು ನೀವು. ನಮ್ಮ ಹುಡುಗಿಯರಿಗೆ ಯಂತ್ರ ಹೇಗೆ ಬಂತೋ ಹಾಗೇ.

ಮುಕ್ತ ತಂತ್ರಾಂಶದಲ್ಲಿ ಒಳ್ಳೆಯ ಮಾದರಿಗಳಿವೆ, ಇಲ್ಲವೆಂದರೆ ಅನ್ಯಾಯವಾದೀತು. 2022ರ ಮಾರ್ಚಿನ ಗ್ನೋಮ್ 42ರಲ್ಲಿ, ಅಂದರೆ ನಮ್ಮ ಉಬುಂಟು ಯಂತ್ರದಲ್ಲಿರುವುದರಲ್ಲಿ, ಶಿಫ್ಟ್ ಜೊತೆ ಪ್ರಿಂಟ್ ಸ್ಕ್ರೀನ್ ಒತ್ತಿದರೆ ಪೂರ್ತಿ ಪರದೆ, ಆಲ್ಟ್ ಜೊತೆ ಒತ್ತಿದರೆ ಆ ಒಂದು ಕಿಟಕಿ. ಚಿತ್ರ ಫೋಲ್ಡರಿಗೂ ಹೋಗುತ್ತದೆ, ಕ್ಲಿಪ್‌ಬೋರ್ಡಿಗೂ ಹೋಗುತ್ತದೆ. ಭಾಗ ಆರಿಸುವಾಗಲೂ ಪರದೆ ಸ್ತಬ್ಧವಾಗಿ ನಿಂತಿರುತ್ತದೆ. ಫ್ಲೇಮ್‌ಶಾಟ್ ಕೂಡ ಹೀಗೆಯೇ ಹಿಡಿದ ಪರದೆಯ ಮೇಲೆಯೇ ಬಾಣ, ಗೆರೆ ಹಾಕಲು ಬಿಡುತ್ತದೆ. ಪ್ರೂಫಿನಲ್ಲಿ ‘ಇದೇ ತಪ್ಪು’ ಎಂದು ತೋರಿಸಲು ನಮಗೆ ಬೇಕಾದದ್ದು ಅದು. ವಿಂಡೋಸ್‌ನ ಶೇರ್‌ಎಕ್ಸ್‌ನಲ್ಲಿ ಇಲ್ಲದ ಸೌಲಭ್ಯವಿಲ್ಲ. ತೊಂದರೆ ಏನೆಂದರೆ ಎಲ್ಲವೂ ಮೊದಲ ದಿನವೇ ಕಣ್ಣ ಮುಂದೆ ಹರಡಿಕೊಂಡಿರುತ್ತದೆ. ಹೊಸ ಹುಡುಗಿಗೆ ಕಲಿಸಲು ಕೂತರೆ ಕೇಳುತ್ತಾಳೆ, “ಅಕ್ಕ, ಇದರಲ್ಲಿ ಯಾವುದನ್ನು ಮುಟ್ಟಬಾರದು ಅಂತ ಮೊದಲು ಹೇಳಿಬಿಡಿ.”

ನೀವು ತಿದ್ದಬೇಕಾದ ಒಂದು ಹಳೆಯ ಕಾಟ ಇದೆ. ಎಕ್ಸ್11 ಮೇಲೆ ನಡೆಯುವ ಲಿನಕ್ಸ್‌ನಲ್ಲಿ ಮೆನು ತೆರೆದಿದ್ದಾಗ ಕೀಲಿಮಣೆ ಪೂರ್ತಿ ಆ ಮೆನುವಿನ ವಶದಲ್ಲಿರುತ್ತದೆ, ಸ್ಕ್ರೀನ್‌ಶಾಟಿನ ಕೀ ಒತ್ತಿದರೆ ಕೇಳುವವರೇ ಇಲ್ಲ. ಫಾರಮ್ಮಿನಲ್ಲಿ ತಾಲ್ಲೂಕಿನ ಹೋಬಳಿಗಳ ಪಟ್ಟಿ ತೆರೆದು ‘ನಿಮ್ಮ ಹೋಬಳಿ ಇದರಲ್ಲಿಲ್ಲ’ ಎಂದು ತೋರಿಸಬೇಕಾದಾಗಲೇ ಕೀ ಮೂಕವಾಗುತ್ತದೆ. ಐದು ಸೆಕೆಂಡಿನ ಗಡುವಿಟ್ಟು ಓಡಿಹೋಗಿ ಮೆನು ತೆರೆಯುವುದು ಅದಕ್ಕಿರುವ ಉಪಾಯ. ಎಕ್ಸ್11ರ ಜಾಗಕ್ಕೆ ಬಂದ ವೇಲ್ಯಾಂಡ್‌ನಲ್ಲಿ ಕೀಗಳು ಮೊದಲು ಡೆಸ್ಕ್‌ಟಾಪಿನ ಕೈಗೇ ಸಿಗುವುದರಿಂದ ಈ ಕಾಟ ತೀರಬಹುದು. ಅದರ ಬದಲಿಗೆ ಬೇರೊಂದು ಬಂದು ಕೂತಿದೆ: ಬೇರೆಯವರು ಬರೆದ ಉಪಕರಣ ಪರದೆ ನೋಡಬೇಕಾದರೆ ಅಪ್ಪಣೆ ಕೇಳಬೇಕು. ಅಪ್ಪಣೆ ಬೇಡವೆಂದು ನಾನು ಹೇಳುವುದಿಲ್ಲ. ಹಳೆಯ ವ್ಯವಸ್ಥೆಯಲ್ಲಿ ಯಾವ ಪ್ರೋಗ್ರಾಮಾದರೂ ಇಡೀ ಪರದೆಯನ್ನು ಸದ್ದಿಲ್ಲದೆ ನೋಡಬಹುದಿತ್ತು, ಅದು ಭಯದ ವಿಷಯವೇ. ಆದರೆ ಒಮ್ಮೆ ಕೇಳಿ, ನೆನಪಿಟ್ಟುಕೊಳ್ಳಿ. 2024ರ ಮ್ಯಾಕ್‌ಒಎಸ್ ಸಿಕ್ವೋಯಾದ ಪರೀಕ್ಷಾ ಆವೃತ್ತಿಯಲ್ಲಿ ವಾರಕ್ಕೊಮ್ಮೆ ಅಪ್ಪಣೆ ಕೇಳುವ ಏರ್ಪಾಡು ಮಾಡಿ, ಜನ ಗೊಣಗಿದ ಮೇಲೆ ತಿಂಗಳಿಗೊಮ್ಮೆಗೆ ಇಳಿಸಿದರು. ದಿನವಿಡೀ ‘ಸರಿ’ ಒತ್ತುವವರು ಯಾವುದನ್ನೂ ಓದದೆ ‘ಸರಿ’ ಒತ್ತಲು ಕಲಿಯುತ್ತಾರೆ. ಆಮೇಲೆ ನಿಜವಾದ ಕಳ್ಳ ಕೇಳಿದರೂ ‘ಸರಿ’ಯೇ.

ವೇಗದ ಮಾತಿಗೆ ಬಂದರೆ, ಇದರಲ್ಲಿ ನನಗಿಂತ ನಿಮಗೆ ಹೆಚ್ಚು ಗೊತ್ತು. ಆದರೂ ಒಂದು ಲೆಕ್ಕ. 1920ಕ್ಕೆ 1080 ಚುಕ್ಕೆಯ ಪರದೆ, ಚುಕ್ಕೆಗೆ 4 ಬೈಟಿನಂತೆ ಸುಮಾರು 83 ಲಕ್ಷ ಬೈಟು. 4ಕೆ ಪರದೆಯಾದರೆ ಅದರ ನಾಲ್ಕು ಪಟ್ಟು, 3.3 ಕೋಟಿ ಬೈಟು. ಪರದೆಯನ್ನು ನಕಲಿಸಿಕೊಳ್ಳುವುದಕ್ಕೆ ಹೊತ್ತು ಹಿಡಿಯುವುದಿಲ್ಲ, ಅದನ್ನು ಪಿಎನ್‌ಜಿಯಾಗಿ ಹಿಂಡುವುದಕ್ಕೆ ಹಿಡಿಯುತ್ತದೆ, ಅದೂ ಫೈಲು ಇನ್ನಷ್ಟು ಚಿಕ್ಕದಾಗಲಿ ಎಂದು ಹೆಚ್ಚು ಹಿಂಡಲು ಹೋದರೆ. ಚಿತ್ರವನ್ನು ಹಿಂಡದೆಯೇ ಕ್ಲಿಪ್‌ಬೋರ್ಡಿಗೆ ಕೊಟ್ಟು, ಫೈಲಾಗಿ ಉಳಿಸುವ ಕೆಲಸವನ್ನು ಹಿಂದೆ ಮಾಡಿಕೊಂಡರೆ ಕೂತವಳಿಗೆ ಕಾಯುವ ಪ್ರಮೇಯವೇ ಇಲ್ಲ. ಅವಳಿಗೆ ಬೇಕಾದದ್ದು ಕಂಟ್ರೋಲ್ ವಿ ಒತ್ತಿದಾಗ ವಾಟ್ಸ್‌ಆ್ಯಪ್ ಕಿಟಕಿಯಲ್ಲಿ ಚಿತ್ರ ಬೀಳುವುದು. ಫೋಲ್ಡರಿನಲ್ಲಿ ಫೈಲು ಅರ್ಧ ಸೆಕೆಂಡು ತಡವಾಗಿ ಹುಟ್ಟಿದರೆ ಯಾರಿಗೂ ನಷ್ಟವಿಲ್ಲ. 2018ರಲ್ಲಿ ಮ್ಯಾಕ್‌ಒಎಸ್ ಮೊಹಾವೆ ತಂದ ಮೂಲೆಯ ಪುಟ್ಟ ಚಿತ್ರ ಚೆಂದವೇನೋ ಹೌದು, ಆದರೆ ಅದು ಸರಿದುಹೋಗುವವರೆಗೆ ಫೈಲು ಡಿಸ್ಕಿಗೆ ಇಳಿಯುವುದಿಲ್ಲ. ಮುಂದಿನ ಅರ್ಜಿಗೆ ಫೈಲು ಏರಿಸಬೇಕೆಂದು ಹುಡುಕುವವಳಿಗೆ ಫೋಲ್ಡರಿನಲ್ಲಿ ಏನೂ ಕಾಣದು.

ವೇಗಕ್ಕಿಂತ ನನ್ನನ್ನು ಕಾಡುವುದು ನಡುವೆ ಬಾಯಿ ಹಾಕುವ ಚಾಳಿ. ಚಿತ್ರ ಹಿಡಿದ ಮೇಲೆ ‘ಚಿತ್ರ ಹಿಡಿಯಲಾಗಿದೆ’ ಎಂದು ಪರದೆಯ ಮೇಲೊಂದು ಪಟ್ಟಿ ಬರುತ್ತದೆ. ತಕ್ಷಣ ಇನ್ನೊಂದು ಹಿಡಿದರೆ ಆ ಪಟ್ಟಿಯೂ ಚಿತ್ರದಲ್ಲಿ ಸೇರಿಕೊಳ್ಳುತ್ತದೆ. ಲಗ್ನಪತ್ರಿಕೆಯ ಪ್ರೂಫಿನಲ್ಲಿ ಗಣಪತಿಯ ಚಿತ್ರದ ಮೇಲೆ ಈ ಪಟ್ಟಿ ಕೂತು ಹೋದದ್ದನ್ನು ನೋಡಿ ಬೀಗರು ಏನೆಂದುಕೊಂಡರೋ. ತನ್ನದೇ ಪಟ್ಟಿಯನ್ನು ತನ್ನ ಚಿತ್ರದಿಂದ ಹೊರಗಿಡುವಷ್ಟು ಜಾಣತನ ಉಪಕರಣಕ್ಕೆ ಬೇಡವೇ? ಇನ್ನು ಕೆಲವು, ಹಿಡಿದ ಕೂಡಲೇ ತಿದ್ದುವ ಕಿಟಕಿಯನ್ನು ಮುಂದಕ್ಕೆ ತರುತ್ತವೆ. ಅರ್ಜಿಯಲ್ಲಿ ಟೈಪ್ ಮಾಡುತ್ತಿದ್ದ ಅಕ್ಷರಗಳು ಆ ಕಿಟಕಿಯ ಪಾಲಾಗುತ್ತವೆ, ಒಂದು ‘ಸಿ’ ಒತ್ತಿದರೆ ಕತ್ತರಿ, ಒಂದು ‘ಬಿ’ ಒತ್ತಿದರೆ ಕುಂಚ. ಕೈ ಎಲ್ಲಿತ್ತೋ ಅಲ್ಲೇ ಇರಲು ಬಿಡಿ. ತಿದ್ದುವವರು ಕರೆದಾಗ ಆ ಕಿಟಕಿ ಬಂದರೆ ಸಾಕು. ಲಾಗಿನ್ ಆಗಿ, ಹೊಸ ಆವೃತ್ತಿ ಬಂದಿದೆ, ಐದು ನಕ್ಷತ್ರ ಕೊಡಿ ಎನ್ನುವವರ ಬಗ್ಗೆ ನಾನು ಬರೆಯಲೂ ಹೋಗುವುದಿಲ್ಲ. ನೀವು ಹಾಗೆ ಮಾಡುವವರಲ್ಲ ಎಂದುಕೊಂಡಿದ್ದೇನೆ.

ಈಗ ಗಂಭೀರವಾದ ವಿಷಯ. ನಮ್ಮಂಥ ಅಂಗಡಿಯ ಪರದೆಯ ಮೇಲೆ ದಿನವಿಡೀ ಬೇರೆಯವರ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಹರಡಿಕೊಂಡಿರುತ್ತದೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಒಂದು ಪ್ರಕಟಣೆ ಹೊರಡಿಸಿತ್ತು. ಆಧಾರ್ ನಕಲನ್ನು ಎಲ್ಲೆಂದರಲ್ಲಿ ಕೊಡಬೇಡಿ, ಕೊನೆಯ ನಾಲ್ಕಂಕೆ ಮಾತ್ರ ಕಾಣುವ ಆಧಾರ್ ಬಳಸಿ, ಸೈಬರ್ ಕೆಫೆಯಂಥ ಕಡೆ ಇ-ಆಧಾರ್ ಇಳಿಸಬೇಡಿ, ಇಳಿಸಿದರೆ ಎಲ್ಲ ನಕಲುಗಳನ್ನೂ ಅಳಿಸಿ ಎಂದು. ಜನ ತಪ್ಪಾಗಿ ಅರ್ಥ ಮಾಡಿಕೊಂಡಾರು ಎಂದು ಎರಡೇ ದಿನಕ್ಕೆ ಅದನ್ನು ಹಿಂತೆಗೆದುಕೊಂಡರು. ಪ್ರಕಟಣೆ ಹೋದರೂ ಮಾತು ಸುಳ್ಳಲ್ಲ. ನಮ್ಮ ಸ್ಕ್ರೀನ್‌ಶಾಟ್ ಫೋಲ್ಡರೇ ಅಂಥ ನಕಲುಗಳ ಗೋದಾಮು. ಜೊತೆಗೆ ವಿಂಡೋಸ್‌ನ ಕ್ಲಿಪ್‌ಬೋರ್ಡ್ ಇತಿಹಾಸ ಚಾಲೂ ಇದ್ದರೆ ಅದು ಕೊನೆಯ 25 ನಕಲುಗಳವರೆಗೆ ನೆನಪಿಟ್ಟುಕೊಂಡಿರುತ್ತದೆ. ಆದ್ದರಿಂದ ಒಂದು ‘ಅಂಗಡಿ ವಿಧಾನ’ ಮಾಡಿಕೊಡಿ: ಹಿಡಿದ ಚಿತ್ರ ಅಂಟಿಸಿದ ಮೇಲೆ ಕ್ಲಿಪ್‌ಬೋರ್ಡಿನಿಂದ ಹೋಗಲಿ, ಫೋಲ್ಡರಿನಲ್ಲಿದ್ದದ್ದು ರಾತ್ರಿ ಬಾಗಿಲು ಹಾಕುವಾಗ ಅಳಿಯಲಿ, ಇಟ್ಟುಕೊಳ್ಳಬೇಕಾದ ಒಂದೆರಡನ್ನು ಮಾತ್ರ ನಾವೇ ಆರಿಸಿ ಇಡುತ್ತೇವೆ. ಈಗಿರುವುದು ಇದಕ್ಕೆ ಉಲ್ಟಾ. ಎಲ್ಲವೂ ಉಳಿಯುತ್ತದೆ, ಅಳಿಸುವುದೇ ಕೆಲಸ.

ಮರೆಮಾಡಿದ್ದು ಮರೆಯಾಗಿಯೇ ಇರಬೇಕು ಎಂಬುದು ಇನ್ನೊಂದು. 2023ರ ಮಾರ್ಚಿನಲ್ಲಿ ಗೂಗಲ್ ಪಿಕ್ಸೆಲ್ ಫೋನುಗಳ ಚಿತ್ರ ತಿದ್ದುವ ಉಪಕರಣದಲ್ಲಿ, ಅದರ ಬೆನ್ನಿಗೇ ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್‌ನಲ್ಲಿ ಒಂದು ದೋಷ ಹೊರಬಿತ್ತು. ಚಿತ್ರದ ಒಂದು ಭಾಗ ಕತ್ತರಿಸಿ ಅದೇ ಹೆಸರಿನಲ್ಲಿ ಉಳಿಸಿದರೆ, ಹೊಸ ಚಿಕ್ಕ ಚಿತ್ರವನ್ನು ಹಳೆಯದರ ಮೇಲೆ ಬರೆದು ಬಾಲವನ್ನು ಕತ್ತರಿಸದೆ ಬಿಡುತ್ತಿತ್ತು. ಆ ಬಾಲದಿಂದ ಕತ್ತರಿಸಿದ ಭಾಗವನ್ನು ಮತ್ತೆ ಹೊರತೆಗೆಯಬಹುದಿತ್ತು. ಆಧಾರ್ ಸಂಖ್ಯೆ ಕತ್ತರಿಸಿ ಕಳಿಸಿದ್ದೇವೆ ಎಂದು ನಿಶ್ಚಿಂತೆಯಿಂದಿದ್ದವರ ಗತಿ ಯೋಚಿಸಿ. ಬಳಿಕ ಸರಿಪಡಿಸಿದರು. ನಿಮ್ಮ ಉಪಕರಣದಲ್ಲಿ ಅಂಥದ್ದಿಲ್ಲ ಎಂದು ಪರೀಕ್ಷಿಸಿ ನೋಡಿದ್ದೀರಾ? ಅಂಕೆಗಳನ್ನು ಮಸುಕು ಮಾಡುವ ಗುಂಡಿಯನ್ನೂ ತೆಗೆದುಹಾಕಿ ಎನ್ನುವೆ. ಮಸುಕಾದ ಅಂಕೆಯನ್ನು ಊಹಿಸಿ ಹೊಂದಿಸಿ ನೋಡುವ ವಿದ್ಯೆ ಇದೆಯೆಂದು ನಿಮಗೆ ಗೊತ್ತೇ ಇದೆ. ಗಟ್ಟಿ ಕಪ್ಪು ಪಟ್ಟಿ ಬಳಿಯುವ ಗುಂಡಿ ಒಂದೇ ಇರಲಿ, ದೊಡ್ಡದಾಗಿ.

ಮತ್ತೆ, ಚಿತ್ರ ಯಂತ್ರ ಬಿಟ್ಟು ಹೋಗಬಾರದು. ಒಂದು ತಪ್ಪು ಗುಂಡಿ ಒತ್ತಿದರೆ ಎಲ್ಲೋ ಇರುವ ಸರ್ವರಿಗೆ ಏರಿಸಿ, ಯಾರು ಬೇಕಾದರೂ ಊಹಿಸಬಹುದಾದ ಚಿಕ್ಕ ವಿಳಾಸವೊಂದನ್ನು ಕೊಡುವ ಉಪಕರಣಗಳಿವೆ. ಅಂಥ ಗುಂಡಿಯನ್ನು ‘ಉಳಿಸು’ ಗುಂಡಿಯ ಪಕ್ಕದಲ್ಲೇ ಇಟ್ಟವರ ಮೇಲೆ ನನಗೆ ಕೋಪವಿದೆ. 2024ರ ಮೇನಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿದ ರಿಕಾಲ್ ಇದಕ್ಕೂ ಒಂದು ಹೆಜ್ಜೆ ಮುಂದೆ: ಯಾರೂ ಕೀ ಒತ್ತದೆಯೇ ಕೆಲವು ಸೆಕೆಂಡಿಗೊಮ್ಮೆ ಪರದೆಯನ್ನು ಹಿಡಿದಿಡುವ ಏರ್ಪಾಡು. ಅದು ಯಂತ್ರದೊಳಗೇ ಉಳಿಯುತ್ತದೆ ಎಂದರೂ ಗಲಾಟೆಯಾಗಿ ಮುಂದೂಡಿದರು, 2025ರಲ್ಲಿ ಮತ್ತೆ ಬಿಟ್ಟರು. ಸಿಗ್ನಲ್ ಆ್ಯಪ್‌ನವರು ಅದೇ ವರ್ಷ ಮೇನಲ್ಲಿ ತಮ್ಮ ವಿಂಡೋಸ್ ಕಿಟಕಿಯನ್ನು ಅದು ನೋಡಲಾಗದಂತೆ ಮುಚ್ಚಿಕೊಂಡರು. ನನ್ನ ಅಂಗಡಿಯ ಹಳೆಯ ಯಂತ್ರಗಳಿಗೆ ರಿಕಾಲ್ ಬರುವ ಯೋಗ್ಯತೆಯಿಲ್ಲ, ಬಚಾವು.

ಫೈಲಿನ ಹೆಸರಿನ ಬಗ್ಗೆ ನಾಲ್ಕು ಮಾತು. ದಿನಾಂಕ, ಗಂಟೆ, ನಿಮಿಷ ಸೇರಿಸಿದ ಉದ್ದನೆಯ ಹೆಸರುಗಳ ಸಾಲಿನಲ್ಲಿ ಬೆಳಿಗ್ಗೆ ಬಂದಿದ್ದ ಜಯನಗರ ಟಿ ಬ್ಲಾಕಿನ ಮೇಷ್ಟರ ಖಾತೆಯ ಚಿತ್ರ ಯಾವುದೆಂದು ಸಂಜೆ ಹೇಗೆ ಹುಡುಕುವುದು? ಕಿಟಕಿಯ ತಲೆಬರಹವನ್ನೇ ಹೆಸರಿಗೆ ಸೇರಿಸಿದರೆ ಅರ್ಧ ಕೆಲಸ ಮುಗಿಯಿತು. ಶೇರ್‌ಎಕ್ಸ್‌ನಲ್ಲಿ ಆ ಸೌಲಭ್ಯ ಇದೆ. ಎಲ್ಲದರಲ್ಲೂ ಇರಲಿ, ಮೊದಲಿಂದಲೇ ಚಾಲೂ ಇರಲಿ.

ಚಿತ್ರದಿಂದ ಅಕ್ಷರ ಎತ್ತುವ ಸೌಲಭ್ಯ ಈಚೆಗೆ ಎಲ್ಲೆಡೆ ಬರುತ್ತಿದೆ. ನಮ್ಮ ಪರದೆಯ ಮೇಲೆ ಇಂಗ್ಲಿಷನ್ನು ಚಕ್ಕನೆ ಎತ್ತುತ್ತದೆ, ಕನ್ನಡದ ಸಾಲಿನ ಮೇಲೆ ಎಳೆದರೆ ಗಪ್‌ಚಿಪ್. ಬಿಡಿಭಾಗಗಳು ಕೈಗೆಟುಕುವಲ್ಲೇ ಇವೆ. ಅಕ್ಷರ ಗುರುತಿಸುವ ಟೆಸ್ಸೆರಾಕ್ಟ್ ಮುಕ್ತ ತಂತ್ರಾಂಶ, ಅದಕ್ಕೆ ಕನ್ನಡದ ಮಾದರಿಯೂ ಇದೆ. ಯಶವಂತಪುರದ ಕಡೆಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ‘ಲಿಪಿ ಜ್ಞಾನಿ’ ಎಂಬ ಕನ್ನಡ ಅಕ್ಷರ ಗುರುತಿಸುವ ವ್ಯವಸ್ಥೆಯನ್ನೇ ಮಾಡಿದೆ. ಸ್ಕ್ರೀನ್‌ಶಾಟಿನ ಅಕ್ಷರ ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕದ ಅಕ್ಷರಕ್ಕಿಂತ ಎಷ್ಟೋ ಶುಭ್ರ. ಮಸಿ ಹರಡಿಲ್ಲ, ಕಾಗದ ಹಳದಿಯಾಗಿಲ್ಲ. ಹಳೆಯ ನುಡಿ ಫಾಂಟಿನಲ್ಲಿದ್ದ ಲಗ್ನಪತ್ರಿಕೆಯನ್ನು ಪರದೆಯಿಂದ ಹಿಡಿದು ಯೂನಿಕೋಡ್ ಮಾಡಿ ಕೊಡುವ ಒಂದು ಗುಂಡಿಯನ್ನು ಯಾರಾದರೂ ಕೂರಿಸಿದರೆ, ಮೇಲೆ ಹೇಳಿದ ಪ್ರೂಫಿನ ರಗಳೆಯಲ್ಲಿ ಮುಕ್ಕಾಲು ಪಾಲು ಇಲ್ಲದಂತಾಗುತ್ತದೆ. ನಿಧಿ ಕೊಡುವವರು ಜೆ.ಪಿ. ನಗರದಲ್ಲೇ ಇದ್ದಾರೆ, ಅರ್ಜಿ ತುಂಬಲು ಬರದಿದ್ದರೆ ನಾವು ತುಂಬಿಕೊಡುತ್ತೇವೆ, ಶುಲ್ಕವಿಲ್ಲ.

ಮುಂದಿನ ಆವೃತ್ತಿ ಬಿಡುವ ಮುನ್ನ ನಿಮ್ಮ ಹೊಸ ಲ್ಯಾಪ್‌ಟಾಪಿನಲ್ಲಿ ಓಡಿಸಿ ಸಮಾಧಾನ ಪಡಬೇಡಿ. 4 ಜಿಬಿ ಮೆಮೊರಿಯ, ಪೇಜ್‌ಮೇಕರ್, ಬ್ರೌಸರ್, ವಾಟ್ಸ್‌ಆ್ಯಪ್ ಮೂರೂ ತೆರೆದಿರುವ ಯಂತ್ರದಲ್ಲಿ ಒಮ್ಮೆ ನೋಡಿ. ಅಂಥದ್ದು ನಮ್ಮಲ್ಲಿದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಿರಾಕಿಗಳು ಕಡಿಮೆ. ಸೋಮವಾರ ಮಾತ್ರ ಬರಬೇಡಿ, ಅವತ್ತು ವಾರದ ರಜೆ ಮುಗಿದು ಸರ್ಕಾರಿ ಕಚೇರಿಗಳು ಬಾಗಿಲು ತೆರೆಯುವ ದಿನ, ಉಸಿರಾಡಲೂ ಪುರುಸೊತ್ತಿರುವುದಿಲ್ಲ.


ಬನಶಂಕರಿ ಎರಡನೇ ಹಂತದ ಡಿಟಿಪಿ ಅಂಗಡಿಯವಳು